ಬ್ರೇಕು ನೋಡಿ ಕೊಂಡ ಕಾರು

“ಇನ್ನೊಂದ್ಸಲ ನಿಲ್ಸಿ ತೋರಿಸ್ರಿ,” ಎಂದರು ಬಕ್ಕೇಶಪ್ಪ.

ಅಲ್ಲಾಬಕ್ಷ್ ಕಾರನ್ನು ಹಿಂದಕ್ಕೆ ತೆಗೆದು, ಮುಂದಕ್ಕೆ ಬಿಟ್ಟು, ಬ್ರೇಕ್ ಒತ್ತಿದ. ಬೆಳಗಿನಿಂದ ಇದೇ ಆಗಿತ್ತು. ಹರಿಹರದಲ್ಲಿ ಹಳೆಯ ಕಾರು ಮಾರುತ್ತಲೇ ತಲೆ ನರೆತವನು ಅವನು. ಗಿರಾಕಿಗಳು ಬಣ್ಣ ನೋಡುತ್ತಾರೆ, ಪೆಟ್ರೋಲು ಎಷ್ಟು ಕುಡಿಯುತ್ತದೆಂದು ಕೇಳುತ್ತಾರೆ. ದಾವಣಗೆರೆಯಿಂದ ಬಂದ ಈ ಗಂಡ ಹೆಂಡತಿ ಮಾತ್ರ ಬಾನೆಟ್ಟನ್ನೂ ಎತ್ತಿಸಿರಲಿಲ್ಲ. ಚಕ್ರ ನಿಲ್ಲುವ ಸದ್ದನ್ನು ಬಕ್ಕೇಶಪ್ಪ ಪುರಾಣ ಕೇಳುವವರಂತೆ ಕಣ್ಣು ಮುಚ್ಚಿ, ತಲೆ ಬಾಗಿಸಿ ಕೇಳುತ್ತಿದ್ದರು. ಎರಡು ಕಾರು ಆಗಲೇ ಬೇಡವಾಗಿದ್ದವು. ಇದು ಮೂರನೆಯದು, ಬೂದು ಬಣ್ಣದ ಲ್ಯಾಂಡ್‌ಮಾಸ್ಟರ್.

ಅವರ ಹೆಂಡತಿ ಓಬವ್ವ ಸೆರಗು ಸಿಕ್ಕಿಸಿ ನೆಲಕ್ಕೆ ಬಾಗಿದರು. ಮುಂದಿನ ಚಕ್ರದ ಒಳಮಗ್ಗುಲನ್ನು ಮೆಲ್ಲಗೆ ಸವರಿದರು. ಕೈಯನ್ನು ಬೆಳಕಿಗೆ ಹಿಡಿದು ಬೆರಳು ನೋಡಿಕೊಂಡರು.

ಅಲ್ಲಾಬಕ್ಷ್‌ಗೆ ಅರ್ಥವಾಯಿತು. ಅಪಘಾತದ ಕಲೆ ಹುಡುಕುವ ಇಂಥ ಗಿರಾಕಿಗಳನ್ನೂ ಅವನು ಕಂಡಿದ್ದ.

“ಯಾರೂ ಸತ್ತಿಲ್ಲ ತಾಯಿ ಇದ್ರಾಗೆ. ಡಾಕ್ಟರ ಗಾಡಿ. ಅಲ್ಲಾನ ಆಣೆ.”

“ಸತ್ತೋರು ಗಾಡ್ಯಾಗೆ ಯಾಕ ಇರ್ತಾರೆ ಸಾಬ್ರೆ,” ಎಂದರು ಓಬವ್ವ. “ಮನ್ಯಾಗೆ ಇರ್ತಾರೆ.”

ನಡುಹಗಲಿನಲ್ಲೂ ಅವನ ಮೈ ಜುಮ್ಮೆಂದಿತು.

ಕಾರು ಯಾರಿಗಾಗಿ ಬೇಕಿತ್ತೋ ಆ ಹುಡುಗ ಬೇವಿನ ಮರದ ಕೆಳಗೆ, ಕಾರಿಗೆ ಬೆನ್ನು ಹಾಕಿ ಕೂತಿದ್ದ. ಇಪ್ಪತ್ತು ದಾಟಿರಲಾರದು. ಒಳ್ಳೆಯ ಬಟ್ಟೆಯ ಅಂಗಿ, ಆದರೆ ಅದರ ಭುಜದ ಹೊಲಿಗೆ ಮೊಣಕೈಯತ್ತ ಜಾರಿತ್ತು.

“ಮುಂದೆ ಬೆಳೀತಾನೆ ಅಂತ ಲೆಕ್ಕ ಹಾಕಿ ಹೊಲಿಸೀರೇನು?” ಅಲ್ಲಾಬಕ್ಷ್ ಚೇಷ್ಟೆ ಮಾಡಿದ.

ಬಕ್ಕೇಶಪ್ಪ ಮಾತು ತಿರುಗಿಸಿದರು. “ಲೈಸೆನ್ಸ್ ಐತೆ. ಕೈ ಇನ್ನೂ ಹೊಸದು. ದಾವಣಗೆರೆ ಸ್ಟೇಷನ್ ಹತ್ರ ಟ್ಯಾಕ್ಸಿ ಇಟ್ಕೊಂಡು ಬದುಕ್ಲಿ ಅಂತ. ಹೊಸ ಗಾಡಿ ನಮ್ಮ ಕೈಗೆ ಎಟಕಲ್ಲ. ಹಳೇದಾದ್ರೂ, ನಿಲ್ಲು ಅಂದ್ರೆ ನಿಲ್ಬೇಕು.”

“ಓಡೋದು ಬ್ಯಾಡೇನ್ರಿ?” ಎಂದು ನಕ್ಕ ಅಲ್ಲಾಬಕ್ಷ್. ಜೊತೆಗೆ ಯಾರೂ ನಗಲಿಲ್ಲ.

“ಒಬ್ಬನೇ ಮಗನಾ?”

“ಒಬ್ಬನೇ.”

ಹುಡುಗ ಎದ್ದು, ಮರ ಬಿಟ್ಟು ಇನ್ನೂ ದೂರ ಹೋಗಿ ಕೂತ.

ಓಬವ್ವ ದನಿ ತಗ್ಗಿಸಿದರು. “ಉಣ್ಣಾಕಿಲ್ಲ. ನಿದ್ದ್ಯಾಗೆ ಎದ್ದು ಕೂಗ್ತಾನೆ. ಗಾಡಿ ಕಂಡ್ರೆ ಹೆದರಿ ದೂರ ಸರೀತಾನೆ. ಹೋದ ವಾರ ಇಲ್ಲೇ ನಿಮ್ಮ ಹೊಳಿ ಸೇತುವೆ ಮ್ಯಾಲೆ ನಿಂತಿದ್ನಂತೆ, ಯಾರೋ ನೋಡಿ ಹೇಳಿ ಕಳ್ಸಿದ್ರು. ನಮ್ಮ ಯಜಮಾನ್ರು ಹೋಗಿ ಕೈ ಹಿಡಕಂಡು ಕರ್ಕೊಂಡು ಬಂದ್ರು. ಇವತ್ತು ಗಾಡಿ ಹಿಡದ್ರೆ ಉಳೀತಾನೆ. ಇಲ್ಲಂದ್ರೆ ಇನ್ನೊಂದ್ಸಲ ನಾವು ಹೋಗೋದ್ರಾಗೆ ತಡ ಆಗಿರ್ತೈತೆ.”

“ಗಾಡಿ ಅಂದ್ರೆ ಅಂಥಾ ಭಯ ಯಾಕ?”

ಆಕೆ ಹುಡುಗನ ಬಳಿಗೆ ನಡೆದರು.

“ಏಳಪ್ಪ.”

“ನನ್ನ ಕೈಲಿ ಬ್ಯಾಡ್ರಿ ಅವ್ವಾರೆ. ಕಾಲಿಗೆ ಬೀಳ್ತೀನಿ.”

“ಬಿದ್ದಿದ್ದು ಸಾಕು. ಗಾಡಿ ಹತ್ತು.”

ಅಲ್ಲಾಬಕ್ಷ್ ಬಕ್ಕೇಶಪ್ಪನವರ ಕಡೆ ತಿರುಗಿದ. “ತಾಯಿಗೆ ರೀ ಅಂತಾನಲ್ರಿ! ನನ್ನ ಮಗ ನನಗೇ ಏಯ್ ಬುಡ್ಡಾ ಅಂತಾನೆ.”

ಬಕ್ಕೇಶಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

ಹೊಳೆಯ ಕಡೆಯ ಇಳಿಜಾರಿನವರೆಗೆ ಅಲ್ಲಾಬಕ್ಷ್‌ನೇ ಓಡಿಸಿದ. ಇಳಿಜಾರಿನ ಬುಡದಲ್ಲಿ ಓಬವ್ವ ಇಳಿದುಬಿಟ್ಟರು. ಬಿಸಿಲಿಗೆ ತಲೆ ಸುತ್ತಿರಬೇಕು ಎಂದುಕೊಂಡ ಅವನು. ಏರಿನ ತುದಿಗೆ ಹೋಗಿ ಕಾರು ತಿರುಗಿಸಿ, ಹುಡುಗನಿಗೆ ಜಾಗ ಬಿಟ್ಟು ಪಕ್ಕದಲ್ಲಿ ಕೂತ. ಹಿಂದಿನ ಸೀಟಿನಲ್ಲಿ ಬಕ್ಕೇಶಪ್ಪ ಶಿವನಾಮ ಹಿಡಿದಿದ್ದರು; ಎಂಜಿನ್ನಿನ ಸದ್ದಿನ ಅಡಿಯಲ್ಲಿ ಅದು ಬಿಟ್ಟೂ ಬಿಟ್ಟೂ ಕೇಳುತ್ತಿತ್ತು.

ಹುಡುಗ ಅಂಗೈಯನ್ನು ಅಂಗಿಗೆ ಒರೆಸಿಕೊಂಡು ಸ್ಟೇರಿಂಗ್ ಹಿಡಿದ. ಗೇರು ಸರಿಯಾಗಿ ಬಿತ್ತು. ಕಾರು ಇಳಿಯತೊಡಗಿತು, ಮೊದಲು ಮೆಲ್ಲಗೆ, ಆಮೇಲೆ ತನ್ನದೇ ಭಾರಕ್ಕೆ ಬಿರುಸಾಗಿ.

“ಹಾಂ, ಹಂಗೇ, ಬೇಟಾ,” ಎನ್ನುತ್ತಿದ್ದ ಅಲ್ಲಾಬಕ್ಷ್‌ನ ಮಾತು ಅಲ್ಲೇ ನಿಂತಿತು.

ಇಳಿಜಾರಿನ ಕೆಳಗೆ, ನಟ್ಟನಡು ರಸ್ತೆಯಲ್ಲಿ, ಓಬವ್ವ ನಿಂತಿದ್ದರು. ಕಾರಿಗೆ ಎದುರಾಗಿ. ಎರಡೂ ಕೈ ಜೋಲು ಬಿಟ್ಟು.

“ಸರೀರಿ ತಾಯಿ!” ಎಂದು ಕಿರುಚಿ ಅವನು ಹ್ಯಾಂಡ್‌ಬ್ರೇಕಿಗೆ ಕೈ ಹಾಕಿದ. ಹಿಂದಿನಿಂದ ಬಂದ ಕೈಯೊಂದು ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯಿತು.

“ಬಿಡ್ರಿ,” ಎಂದರು ಬಕ್ಕೇಶಪ್ಪ. “ಅವನೇ ನಿಲ್ಲಿಸ್ಲಿ.”

ಓಬವ್ವ ಕದಲಲಿಲ್ಲ. ರೆಪ್ಪೆಯನ್ನೂ ಬಡಿಯಲಿಲ್ಲ. ಹುಡುಗನ ಗಂಟಲಿನಿಂದ ಸದ್ದೊಂದು ಹೊರಟಿತು, ಮನುಷ್ಯರದಲ್ಲವೆಂಬಂತೆ. ಅವನ ಕಾಲು ಬ್ರೇಕನ್ನು ತಳದವರೆಗೆ ಒತ್ತಿತು. ಧೂಳೆದ್ದಿತು.

ಕಾರು ನಿಂತಿತ್ತು. ಆಕೆಯ ಸೀರೆಯ ನಿರಿಗೆಗೂ ಮುಂದಿನ ಬಂಪರಿಗೂ ನಡುವೆ ಒಂದು ಮಗು ದಾಟಬಹುದಾದಷ್ಟು ಜಾಗವಿತ್ತು.

ಹುಡುಗ ಬಾಗಿಲು ತೆರೆದು ಇಳಿದವನು ಆಕೆಯ ಮುಖ ನೋಡಲಿಲ್ಲ. ಮಂಡಿಯೂರಿ, ಕೆನ್ನೆಯನ್ನು ಮಣ್ಣಿಗೆ ಹಚ್ಚಿ, ಕಾರಿನ ಅಡಿಗೆ ನೋಡಿದ. ಈ ಚಕ್ರದ ಕೆಳಗೆ, ಆ ಚಕ್ರದ ಕೆಳಗೆ. ಬರೀ ನೆಲ. ಮತ್ತೆ ನೋಡಿದ.

ಓಬವ್ವ ಪಕ್ಕದಲ್ಲಿ ನೆಲಕ್ಕೆ ಕೂತು ಅವನ ತಲೆಯನ್ನು ಮಡಿಲಿಗೆಳೆದುಕೊಂಡರು. “ಏನೂ ಇಲ್ಲ ನೋಡು,” ಎಂದರು. “ನಿಂತೈತೆ. ನೀನೇ ನಿಲ್ಲಿಸಿದ್ದು.” ಅವನು ಬಿಕ್ಕತೊಡಗಿದ. ಬಕ್ಕೇಶಪ್ಪ ಬಂದು, ಹುಡುಗನ ಅಂಗಿಯ ಮೇಲಿನ ಧೂಳನ್ನು ಸುಮ್ಮನೆ ಕೊಡವುತ್ತಾ ನಿಂತರು. “ಇದೇ ಗಾಡಿ ಇರ್ಲಿ ಸಾಬ್ರೆ,” ಎಂದರು.

ಅಲ್ಲಾಬಕ್ಷ್ ಕಾರಿನಿಂದ ಇಳಿದು ಬಂದ. ಹೆದರಿಕೆಯೆಲ್ಲ ಸಿಟ್ಟಾಗಿ ಹೊರಬಂತು.

“ಗಾಡಿ ಹಾಳಾಗ್ಲಿ! ಒಂದು ಗೇಣು ಹೆಚ್ಚು ಕಡಿಮಿ ಆಗಿದ್ರೆ? ಹೆತ್ತ ಮಗನ ಕೈಲಿ ಯಾರಾದ್ರೂ ಹಿಂಗೆ ಮಾಡಿಸ್ತಾರೇನಮ್ಮಾ?”

ಓಬವ್ವ ಹುಡುಗನ ತಲೆ ಸವರುವುದನ್ನು ನಿಲ್ಲಿಸಲಿಲ್ಲ.

“ಹೆತ್ತ ಮಗ ಈಗಿಲ್ಲ ಸಾಬ್ರೆ. ಇವನ ಮಾಲೀಕ್ರು ಬ್ರೇಕಿಲ್ಲದ ಲಾರಿ ಕೊಟ್ಟು, ಅವನನ್ನ ಇವನ ಕೈಲೇ ಕೊಲ್ಲಿಸಿದ್ರು.”