ಹೇರೆತ್ತು ನಿಂತ ಜಾಗ

ಸೈಕಲ್ ಚೈನಿನ ಗ್ರೀಸಿನ ವಾಸನೆ ಬಂದರೆ ಈಗಲೂ ಚಿಕ್ಕಪ್ಪನ ಅಂಗಿಯ ಹೆಗಲು ನೆನಪಾಗುತ್ತದೆ.

ಅವರು ಕಳಸದ ಹತ್ತಿರ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ಕಾಂಪೌಂಡರ್ ಆಗಿದ್ದರು. ಚಳಿಜ್ವರದ ಮಾತ್ರೆ ಹಿಡಿದು ಸಂಸೆಗೆ ಹೊರಟರೆ, ಎಸ್ಟೇಟಿನವರು ಕೊಟ್ಟ ನಕ್ಷೆಯ ನೇರ ದಾರಿ ನಂಬಿ, ಏರಿನಲ್ಲೆಲ್ಲ ಸೈಕಲ್ಲನ್ನೇ ಹೆಗಲ ಮೇಲೆ ಹೊರುತ್ತಿದ್ದರು. ಒಮ್ಮೆ ಅವರು ತಲುಪುವಷ್ಟರಲ್ಲಿ ಜ್ವರದಲ್ಲಿದ್ದ ಒಂದು ಮಗು ತೀರಿಹೋಗಿತ್ತು.

ಅದಾದ ಮುಂದಿನ ವಾರ ಒಂದು ಮಧ್ಯಾಹ್ನ ಅಜ್ಜಿ, ಹಳ್ಳ ಯಾವುದು ಗುಡ್ಡ ಯಾವುದು ಎಂದು ಚಿಕ್ಕಪ್ಪನನ್ನು ಕೇಳಿಕೊಂಡು, ನಕ್ಷೆಯ ಮೇಲೆ ಕಾಫಿಬೀಜಗಳನ್ನಿಟ್ಟಳು.

“ನಮ್ಮಪ್ಪನ ಹೇರೆತ್ತು ನಿಲ್ತಿದ್ದ ಜಾಗ ಇವು. ಉಪ್ಪು ಹೊತ್ತ ಎತ್ತು ಕಡಿದಾದ ಏರು ಹತ್ತಲ್ಲ ಮಾರಾಯ, ಸುತ್ತಿ ಹೋಗ್ತದೆ.”

“ದೂರ ಆಗ್ತದಲ್ಲಮ್ಮ?”

“ಆಗ್ಲಿ. ಹೊರೋದು ತಪ್ತದೆ.”

ನಾನು ಬೀಜದಿಂದ ಬೀಜಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದೆ.

ಮರುದಿನ ಆ ಗೆರೆಯ ದಾರಿ ಹಿಡಿದು ಸಂಸೆಗೆ ಹೋದ ಚಿಕ್ಕಪ್ಪ, ಎಂದಿನಂತೆ ಸಂಜೆಗಲ್ಲ, ಮಧ್ಯಾಹ್ನದ ಊಟದ ಹೊತ್ತಿಗೇ ಹಿಂತಿರುಗಿದರು. ಅಂಗಿ ಒಗೆಯಲು ಇಸಿದುಕೊಂಡ ಅಜ್ಜಿ ಹೆಗಲನ್ನು ತಿರುಗಿಸಿ ತಿರುಗಿಸಿ ನೋಡಿದಳು. ಗ್ರೀಸಿನ ಕಲೆ ಇರಲಿಲ್ಲ.