ಗೋದಾಮಿನ ಪಾಠ

ಚನ್ನವೀರನಿಗೆ ಪುರುಸೊತ್ತು ಇರಲಿಲ್ಲ. ಮದುವೆ ಸೀಸನ್ನು, ಅವನು ಮ್ಯಾನೇಜರಾಗಿದ್ದ ಸೀರೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಅಂಥ ದಿನವೇ ಮಾಲೀಕರು ಫೋನಿನಲ್ಲಿ ಹಾರಾಡಿದರು.

"ಸಂಜೆಯೊಳಗೆ ಎಲ್ಲರದೂ ಆನ್‌ಲೈನ್ ತರಬೇತಿ ಮುಗೀಬೇಕು. ಇಲ್ಲಾಂದ್ರೆ ನಾಳೆ ಸರ್ಕಾರದೋರಿಂದ ಅಂಗಡಿಗೆ ಬೀಗ, ನಿನ್ನ ಕೆಲಸಕ್ಕೂ ಬೀಗ."

ವಿಡಿಯೋ ಒಂದೂವರೆ ತಾಸಿನದು. ಮುಂದಕ್ಕೆ ಓಡಿಸುವ ಹಾಗಿಲ್ಲ; ಕೊನೆಯವರೆಗೆ ನಡೆದರೆ ಮಾತ್ರ ಪಾಸು. ಚನ್ನವೀರ ಹಲ್ಲು ಕಡಿಯುತ್ತ ಒಂಬತ್ತು ಕೆಲಸಗಾರರ ಮೊಬೈಲು ಇಸಿದುಕೊಂಡ. ಗೋದಾಮಿನ ಸೀರೆ ಗಂಟುಗಳ ಮೇಲೆ ಸಾಲಾಗಿಟ್ಟ. ಬ್ಯಾಟರಿ ಕೈಕೊಡದಿರಲೆಂದು ಎಲ್ಲವನ್ನೂ ಒಂದೇ ಹಳೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿ, ವಿಡಿಯೋ ಹಚ್ಚಿ, ಬಾಗಿಲು ಹಾಕಿದ.

"ಯಾರೂ ನೋಡದ ಪಾಠ ಯಾರಿಗೆ ಸಾರ್?" ಎಂದಳು ಕೌಂಟರಿನ ದಾಕ್ಷಾಯಣಿ. "ಒಬ್ಬರಾದ್ರೂ ನೋಡೋಣ."

"ನೀನು ನೋಡ್ತಾ ಕೂತ್ರೆ ಗಿರಾಕಿಗೆ ಸೀರೆ ತೋರಿಸೋರು ಯಾರು, ನಿಮ್ಮತ್ತೇನಾ?"

"ನಮ್ಮತ್ತೆ ಬಂದ್ರೆ ತಾವೇ ಉಟ್ಕೊಂಡು ಹೋಗ್ತಾರೆ ಬಿಡಿ ಸಾರ್."

"ಹಾಗಾದ್ರೆ ಬಾಯಿ ಮುಚ್ಕೊಂಡು ನಡಿ. ಪಾಠ ಕಂಪ್ಯೂಟರಿಗೆ, ವ್ಯಾಪಾರ ನಮಗೆ."

ಸಂಜೆ ಮಾಲೀಕರ ಫೋನು ಮತ್ತೆ ಬಂತು. ಈ ಸಲ ದನಿಯಲ್ಲಿ ನಗು ಇತ್ತು.

"ಶಭಾಷ್ ಕಣಯ್ಯಾ! ಒಂಬತ್ತೂ ಜನ ಪಾಸು ಅಂತ ಮೆಸೇಜು ಬಂತು. ಬೆಂಕಿ ಬಿದ್ರೆ ಏನು ಮಾಡಬೇಕು ಅಂತ ಈಗ ಎಲ್ರಿಗೂ ಗೊತ್ತಾಯ್ತಲ್ಲ?"

ಚನ್ನವೀರ ಫೋನು ಕಿವಿಗಿಟ್ಟುಕೊಂಡೇ ಗೋದಾಮಿನ ಬಾಗಿಲಲ್ಲಿ ನಿಂತಿದ್ದ. ಅವನೆದುರು ದಾಕ್ಷಾಯಣಿ ಹೊಗೆಯಲ್ಲಿ ಕೆಮ್ಮುತ್ತ, ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದಳು. ಗೋದಾಮಿನಲ್ಲಿ ಒಂಬತ್ತು ಮೊಬೈಲು, ಮುನ್ನೂರು ಸೀರೆ ಸುಟ್ಟು ಮುಗಿದಿದ್ದವು.