ಚಿಲ್ಲರೆಗೆ ಒಂದು ಪದ

ಆ ಊರಲ್ಲಿ ಗಾಡಿ ರಿಪೇರಿಗೆ ಪದಗಳನ್ನೇ ಕೊಡಬೇಕಿತ್ತು. ಇನ್ನೊಬ್ಬರ ಅಂಗೈಯೊಳಗೆ ಹೇಳಿ ಕೊಟ್ಟ ಪದ ಮತ್ತೆ ಬಾಯಿಗೆ ಬರುತ್ತಿರಲಿಲ್ಲ. ಹೂ ಮಾರುವ ಸರ್ವಮಂಗಳ ಹೋದ ವರ್ಷ ಬೈಕಿನ ಚೈನಿಗೆ ‘ಮಲ್ಲಿಗೆ’ ಕೊಟ್ಟಿದ್ದಳು. ಆದರೂ ಮೆಕ್ಯಾನಿಕ್ ದ್ಯಾವಣ್ಣನ “ನಾಳೆ ಬಾರಕ್ಕ” ಕೇಳಿ ಕೇಳಿ, ವಾರಗಟ್ಟಲೆ ಬುಟ್ಟಿ ಹೊತ್ತೇ ತಿರುಗಿದ್ದಳು.

ಈ ಸಲ ಇಂಜಿನ್ನೇ ಕೆಟ್ಟಿತ್ತು.

“ಸಣ್ಣಪುಟ್ಟ ಪದಕ್ಕೆಲ್ಲ ಆಗಲ್ಲ. ‘ಹೂವು’ ಕೊಟ್ಬಿಡಕ್ಕ,” ಎಂದ ದ್ಯಾವಣ್ಣ.

“ಅದನ್ನ ಕೊಟ್ಟು ಬೀದೀಲಿ ಏನಂತ ಕೂಗ್ಲಿ? ನಮ್ಮ ಯಜಮಾನ್ರ ಹೆಸರು ತಗೋ.”

ಗಂಡನ ಹೆಸರೆಂದರೆ ಎಲ್ಲಕ್ಕಿಂತ ತುಟ್ಟಿಯ ಪದ. ದ್ಯಾವಣ್ಣ ಆಸೆಯಿಂದ ಗ್ರೀಸಿನ ಕೈಯೊಡ್ಡಿದ. ಅವಳು ಅದರೊಳಗೆ ಪಿಸುಗುಟ್ಟಿ ನಕ್ಕಳು.

“ಮದ್ವೆ ಆದಾಗಿಂದ ಆ ಹೆಸರು ಹೇಳಿದ್ದು ಇವತ್ತೇ ಮೊದ್ಲು. ಮನೇಲಿ ‘ರೀ’ ಅಂದ್ರೆ ಸಾಕು ನಂಗೆ. ಈಗ ಚಿಲ್ಲರೆ ಕೊಡು.”

“ಯಾವ ಪದ ಬೇಕು?”

“ನಿನ್ನ ‘ನಾಳೆ’.”

ಬೇರೆ ದಾರಿಯಿರಲಿಲ್ಲ. ಅವಳ ಅಂಗೈಯೊಳಗೆ ಅದನ್ನು ಹೇಳಿ ಕೊಟ್ಟ. ಆಮೇಲೆ ಅಭ್ಯಾಸದಂತೆ, “ಗಾಡಿ ಬಿಟ್ಟೋಗಕ್ಕ, ರೆಡಿ ಮಾಡಿರ್ತೀನಿ…” ಎಂದು ಶುರುಮಾಡಿ ಬಾಯಿ ತೆರೆದೇ ನಿಂತ. ಎಷ್ಟು ತಡಕಿದರೂ ಸಿಕ್ಕಿದ್ದು ಒಂದೇ ಪದ.

“ಇವತ್ತೇ.”

ಸಂಜೆ ಸರ್ವಮಂಗಳ ಬೈಕಿಗೆ ಒಂದೇ ಕಿಕ್ ಹೊಡೆದು, ಇಡೀ ಬೀದಿಗೆ ಕೇಳುವಂತೆ ಕೂಗಿದಳು: “ಹೂವೂ…!”